ನಾಡಿಯರಿತು ಮದ್ದಿತ್ತ ವಿಲಿಯಂ ವಿದರಿಂಗ್

ಆಂಗ್ಲ ವೈದ್ಯ ವಿಲಿಯಂ ವಿದರಿಂಗನು ಕ್ರಿ.ಶ. 1741ರಲ್ಲಿ ಶ್ರಾಪ್‌ಶೈರ್ ಪ್ರಾಂತದಲ್ಲಿ ಜನಿಸಿದನು. ಆ ಪ್ರಾಂತದ ವೃದ್ಧೆಯೊಬ್ಬಳು, ವೈದ್ಯರು ಕೈಬಿಟ್ಟ ಮೈಬಾವಿನ ರೋಗಿಗಳನ್ನು ಕೆಲವೊಮ್ಮೆ ಗುಟ್ಟಿನ ಮದ್ದಿನಿಂದ ಗುಣಪಡಿಸುತ್ತಿದ್ದಳು. ಹೃದಯ ಸೋತಾಗಲೂ ಕಾಲು, ಹೊಟ್ಟೆ ನೀರು ತುಂಬಿ ಬಾತುಕೊಳ್ಳುವುದುಂಟಷ್ಟೆ. 1775ರಲ್ಲಿ ಆ ಮದ್ದು ವಿದರಿಂಗನ ಪರಿಶೀಲನೆಗೆ ಬಂದಿತು. ಅದರಲ್ಲಿದ್ದ ಇಪ್ಪತ್ತರಷ್ಟು ಮೂಲಿಕೆಗಳಲ್ಲಿ ಫಾಕ್ಸ್‌ಗ್ಲೋವ್ ಗಿಡವೊಂದೇ ಸತ್ತ್ವಯುತವೆಂದು ಅವನು ಕಂಡುಕೊಂಡನು. ಹತ್ತು ವರ್ಷ ಪರೀಕ್ಷಿಸಿ, 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಣವಾದವರೊಡನೆ ಗುಣವಾಗದವರನ್ನೂ ದಾಖಲಿಸಿದನು. ವೃದ್ಧೆಯ ಋಣವನ್ನೂ ಮರೆಮಾಚಲಿಲ್ಲ. ವಿದ್ವಾಂಸರಲ್ಲಿ ಇದು ವಿರಳವೇ ಸರಿ! ಪ್ರಮಾಣ ಮೀರಿದರೆ ಆ ಮದ್ದೇ ವಿಷ. ಓಕರಿಕೆಯಾಗಲಿ, ನಾಡಿಯ ಮಾಂದ್ಯವಾಗಲಿ ತೋರಿದೊಡನೆ ನಿಲ್ಲಿಸಬೇಕೆಂದು ವಿಧಿಸಿದನು. 1799ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಾಲವಾದನು. ಅದೇ ಕುಲದ ಗಿಡದಿಂದ ದೊರೆಯುವ ಡಿಗಾಕ್ಸಿನ್ ಗುಳಿಗೆಯನ್ನು ವೃದ್ಧರಿಗೆ ಕೊಡುವ ಮುನ್ನ ಶುಶ್ರೂಷಕಿಯು ಇಂದಿಗೂ ಪೂರ್ಣ ಒಂದು ನಿಮಿಷ ನಾಡಿಯೆಣಿಸುವಳು. 60ಕ್ಕಿಂತ ಕಡಿಮೆಯಿದ್ದರೆ ಗುಳಿಗೆಯನ್ನು ತಡೆದು ವೈದ್ಯರಿಗೆ ತಿಳಿಸುವಳು.