ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್

ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ (1 ಜೂನ್ 1863 – 16 ಡಿಸೆಂಬರ್ 1916) ಜರ್ಮನಿಯಲ್ಲಿ ಶಿಕ್ಷಣ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದ ಮನೋವಿಜ್ಞಾನಿ. ಕೈಗಾರಿಕಾ ಮನೋವಿಜ್ಞಾನದ ಸ್ಥಾಪಕರಲ್ಲಿ ಒಬ್ಬರೆಂದು ಅವರನ್ನು ಪರಿಗಣಿಸಲಾಗುತ್ತದೆ. ಒಂದು ಕೆಲಸಕ್ಕೆ ಯಾರು ತಕ್ಕವರು ಎಂಬುದನ್ನು ಮೇಲ್ವಿಚಾರಕರ ಊಹೆಗಾಗಲಿ ಶಿಫಾರಸು ಪತ್ರಕ್ಕಾಗಲಿ ಬಿಡದೆ ಪ್ರಯೋಗದಿಂದ ತಿಳಿಯಬಹುದೆಂದು ಅವರು ಪ್ರತಿಪಾದಿಸಿದರು. ಟ್ರಾಮ್ ಚಾಲಕರು ಹಾಗೂ ತರಬೇತಿಯಲ್ಲಿದ್ದ ಟೆಲಿಫೋನ್ ಆಪರೇಟರುಗಳ ಮೇಲೆ ಅವರು ನಡೆಸಿದ ಪರೀಕ್ಷೆಗಳು, ನೌಕರರ ಸಾಮರ್ಥ್ಯವನ್ನು ಅಳೆಯುವ ಇಂದಿನ ಪದ್ಧತಿಗಳ ಮೊದಲ ಮಾದರಿಗಳಲ್ಲಿ ಸೇರುತ್ತವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮ್ಯೂನ್‌ಸ್ಟರ್‌ಬರ್ಗ್ ಹುಟ್ಟಿದ್ದು ಅಂದಿನ ಪ್ರಷ್ಯದ ಬಂದರು ನಗರ ಡಾನ್ಜಿಗ್‌ನಲ್ಲಿ. ಈಗ ಅದು ಪೋಲೆಂಡಿನ ಗ್ಡಾನ್ಸ್ಕ್. ತಂದೆ ಮರದ ವ್ಯಾಪಾರಿ. ತಾಯಿ ಚಿತ್ರಕಲೆಯಲ್ಲಿ ಆಸಕ್ತಿಯಿದ್ದವರು. ತಾಯಿ ತೀರಿಕೊಂಡಾಗ ಬಾಲಕನಿಗೆ ಹನ್ನೆರಡು ವರ್ಷ. ಕೆಲವೇ ವರ್ಷಗಳಲ್ಲಿ ತಂದೆಯೂ ತೀರಿಕೊಂಡರು. ಲೈಪ್‌ಜಿಗ್‌ನಲ್ಲಿ ವೈದ್ಯಶಾಸ್ತ್ರ ಓದಲು ಸೇರಿದ ಅವರು ವಿಲ್‌ಹೆಲ್ಮ್ ವುಂಟ್ ಅವರ ಉಪನ್ಯಾಸಗಳನ್ನು ಕೇಳಿ ಮನೋವಿಜ್ಞಾನದತ್ತ ತಿರುಗಿದರು. 1885ರಲ್ಲಿ ವುಂಟ್ ಅವರಲ್ಲಿ ಡಾಕ್ಟರೇಟ್ ಪಡೆದರು, 1887ರಲ್ಲಿ ಹೈಡಲ್‌ಬರ್ಗ್‌ನಿಂದ ವೈದ್ಯ ಪದವಿಯನ್ನೂ ಪಡೆದರು. ಅದೇ ವರ್ಷ ಸೆಲ್ಮಾ ಓಪ್ಲರ್ ಅವರನ್ನು ವಿವಾಹವಾಗಿ, ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪನ ಆರಂಭಿಸಿದರು. ಅಲ್ಲಿ ಪ್ರಯೋಗಶಾಲೆ ಇರಲಿಲ್ಲವಾದ್ದರಿಂದ ಸ್ವಂತ ಮನೆಯಲ್ಲಿಯೇ ಉಪಕರಣಗಳನ್ನು ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ಪ್ರಯೋಗ ಕಲಿಸಿದರು. ಮಾನವನ ಇಚ್ಛಾಶಕ್ತಿಯ ಕುರಿತು ಅವರು ತಳೆದ ನಿಲುವು ಗುರು ವುಂಟ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ನಿಲುವು ಅಮೆರಿಕದ ವಿಲಿಯಂ ಜೇಮ್ಸ್ ಅವರಿಗೆ ಮೆಚ್ಚುಗೆಯಾಯಿತು.

ಹಾರ್ವರ್ಡ್‌ನಲ್ಲಿ

1889ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮನೋವಿಜ್ಞಾನದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇವರಿಬ್ಬರ ಭೇಟಿಯಾಯಿತು. ಹಾರ್ವರ್ಡ್‌ನ ಪ್ರಯೋಗಶಾಲೆಯ ಹೊಣೆಯಿಂದ ಬಿಡುಗಡೆ ಬಯಸಿದ್ದ ಜೇಮ್ಸ್, 1892ರಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಅವರನ್ನು ಮೂರು ವರ್ಷಗಳ ಅವಧಿಗೆ ಕರೆಸಿಕೊಂಡರು. ಅವಧಿ ಮುಗಿದ ಬಳಿಕ ಫ್ರೈಬುರ್ಗ್‌ಗೆ ಮರಳಿದ್ದ ಅವರು 1897ರಲ್ಲಿ ಮತ್ತೆ ಹಾರ್ವರ್ಡ್ ಸೇರಿ, ಕೊನೆಯವರೆಗೂ ಅಲ್ಲಿಯೇ ಉಳಿದರು. 1898ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷರಾದರು. ಇಷ್ಟಾದರೂ ಅಮೆರಿಕದ ಪೌರತ್ವವನ್ನು ಅವರು ಪಡೆಯಲೇ ಇಲ್ಲ.

ಅವರ ಮೊದಲ ಅವಧಿಯ ಒಂದು ಪ್ರಸಂಗವನ್ನು ಇಲ್ಲಿ ವಿವರವಾಗಿ ಹೇಳಬೇಕು. ವೆಲ್ಸ್‌ಲಿ ಕಾಲೇಜಿನ ಅಧ್ಯಾಪಕಿ ಮೇರಿ ವಿಟನ್ ಕಾಲ್ಕಿನ್ಸ್ ಅವರಿಗೆ ಹಾರ್ವರ್ಡ್‌ನಲ್ಲಿ ಅತಿಥಿಯಾಗಿ ಮಾತ್ರ ಕಲಿಯಲು ಅನುಮತಿಯಿತ್ತು. ಮಹಿಳೆಯಾದ್ದರಿಂದ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಳ್ಳುವಂತಿರಲಿಲ್ಲ. ಅವರು ಮ್ಯೂನ್‌ಸ್ಟರ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ ನೆನಪಿನ ಕುರಿತು ಸಂಶೋಧನೆ ನಡೆಸಿದರು. ತಮ್ಮ ವಿದ್ಯಾರ್ಥಿಗಳಲ್ಲೆಲ್ಲ ಆಕೆಯೇ ಶ್ರೇಷ್ಠರೆಂದು ತಿಳಿಸಿ, ಡಾಕ್ಟರೇಟ್ ಪದವಿಗೆ ಪರಿಗಣಿಸಬೇಕೆಂದು ಮ್ಯೂನ್‌ಸ್ಟರ್‌ಬರ್ಗ್ 1894ರಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದರು. ಆಡಳಿತವು ನಿರಾಕರಿಸಿತು. 1895ರಲ್ಲಿ ವಿಭಾಗದ ಪ್ರಾಧ್ಯಾಪಕರೇ ಸೇರಿ ಅನಧಿಕೃತವಾಗಿ ಪರೀಕ್ಷೆ ನಡೆಸಿ, ಪದವಿಗೆ ಬೇಕಾದ ಅರ್ಹತೆಗಳೆಲ್ಲ ಆಕೆಗಿವೆ ಎಂದು ದಾಖಲಿಸಿದರು. ಆದರೂ ಪದವಿ ದೊರೆಯಲಿಲ್ಲ. 1902ರಲ್ಲಿ ಮಹಿಳೆಯರಿಗಾಗಿದ್ದ ರ‍್ಯಾಡ್‌ಕ್ಲಿಫ್ ಕಾಲೇಜು ತನ್ನ ಹೆಸರಿನಲ್ಲಿ ಡಾಕ್ಟರೇಟ್ ನೀಡಲು ಮುಂದೆ ಬಂದಾಗ ಕಾಲ್ಕಿನ್ಸ್ ಅದನ್ನು ಸ್ವೀಕರಿಸಲಿಲ್ಲ. 1905ರಲ್ಲಿ ಅವರು, ಒಮ್ಮೆ ಗುರುಗಳು ಅಲಂಕರಿಸಿದ್ದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷ ಪದವಿಗೇರಿದ ಮೊದಲ ಮಹಿಳೆಯಾದರು. ಅರ್ಹತೆ ಪರೀಕ್ಷೆಯಲ್ಲಿ ಸಿದ್ಧವಾದರೂ ಪರೀಕ್ಷೆ ನಡೆಸುವ ಸಂಸ್ಥೆ ಅದನ್ನು ಒಪ್ಪದಿರಬಹುದು ಎಂಬುದನ್ನು ಮ್ಯೂನ್‌ಸ್ಟರ್‌ಬರ್ಗ್ ಕಾರ್ಖಾನೆಗಳತ್ತ ಹೋಗುವುದಕ್ಕೆ ಮೊದಲೇ, ತಮ್ಮದೇ ವಿಭಾಗದಲ್ಲಿ ಕಂಡಿದ್ದರು.

ಪ್ರಯೋಗಶಾಲೆಯಿಂದ ಕೆಲಸದ ಸ್ಥಳಕ್ಕೆ

ಆರಂಭದಲ್ಲಿ ಅನ್ವಯಿಕ ಕೆಲಸದ ಬಗ್ಗೆ ಅಷ್ಟು ಒಲವು ತೋರದಿದ್ದ ಅವರು 1900ರ ನಂತರ ಕ್ರಮೇಣ ನ್ಯಾಯಾಲಯ, ಚಿಕಿತ್ಸೆ, ಶಾಲೆ, ವ್ಯಾಪಾರ ಹೀಗೆ ಎಲ್ಲ ಕಡೆಗೂ ಮನೋವಿಜ್ಞಾನವನ್ನು ಒಯ್ದರು. ಸಾಕ್ಷಿಗಳ ನೆನಪು ಎಷ್ಟು ನಂಬಲರ್ಹ ಎಂಬುದನ್ನು ಕುರಿತ ಅವರ ಪುಸ್ತಕ 1908ರಲ್ಲಿ ಹೊರಬಂದಿತು. ಎಲ್ಲ ಪ್ರಯತ್ನಗಳೂ ಗೌರವ ತರಲಿಲ್ಲ. 1907ರಲ್ಲಿ ಐಡಹೋ ರಾಜ್ಯದ ಕೊಲೆ ಮೊಕದ್ದಮೆಯೊಂದರಲ್ಲಿ ಮುಖ್ಯ ಸಾಕ್ಷಿಯನ್ನು ಪರೀಕ್ಷಿಸಿ ಅವನು ಸತ್ಯವನ್ನೇ ನುಡಿಯುತ್ತಿದ್ದಾನೆಂದು ಅವರು ನಿರ್ಣಯಿಸಿದ್ದು ತೀರ್ಪಿಗೆ ಮುನ್ನವೇ ಪತ್ರಿಕೆಗೆ ತಲುಪಿತು. ಆರೋಪಿಯಾಗಿದ್ದ ಕಾರ್ಮಿಕ ನಾಯಕ ಬಿಲ್ ಹೇವುಡ್ ಖುಲಾಸೆಯಾದರು; ಪ್ರಾಧ್ಯಾಪಕರು ನಗೆಪಾಟಲಿಗೀಡಾದರು.

1910–11ರಲ್ಲಿ ವಿನಿಮಯ ಪ್ರಾಧ್ಯಾಪಕರಾಗಿ ಬರ್ಲಿನ್‌ಗೆ ಹೋದಾಗ ಅವರು ಅನ್ವಯಿಕ ಮನೋವಿಜ್ಞಾನದ ಕುರಿತು ಉಪನ್ಯಾಸಗಳನ್ನು ನೀಡಿದರು. ಮನೋವಿಜ್ಞಾನ ಮತ್ತು ಆರ್ಥಿಕ ಜೀವನ ಕುರಿತ ಅವರ ಜರ್ಮನ್ ಪುಸ್ತಕ 1912ರಲ್ಲಿಯೂ, ಕೈಗಾರಿಕಾ ದಕ್ಷತೆಯ ಕುರಿತ ಇಂಗ್ಲಿಷ್ ರೂಪ 1913ರಲ್ಲಿಯೂ ಪ್ರಕಟವಾದವು. ಕೆಲಸಕ್ಕೆ ತಕ್ಕ ವ್ಯಕ್ತಿಯನ್ನು ಆರಿಸುವುದು ಹೇಗೆ, ಆ ವ್ಯಕ್ತಿಯಿಂದ ಉತ್ತಮ ಕೆಲಸ ಹೊರಡುವಂತೆ ಕಲಿಕೆಯನ್ನೂ ಪರಿಸರವನ್ನೂ ಅಣಿಗೊಳಿಸುವುದು ಹೇಗೆ, ಕೊಳ್ಳುವವರ ಮನಸ್ಸಿನ ಮೇಲೆ ತಕ್ಕ ಪರಿಣಾಮ ಉಂಟುಮಾಡುವುದು ಹೇಗೆ ಎಂಬ ಮೂರು ಪ್ರಶ್ನೆಗಳ ಸುತ್ತ ಪುಸ್ತಕ ರಚಿತವಾಗಿದೆ. ಕಾರ್ಖಾನೆಯ ಕೆಲಸವನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರ್ ಅವರ ಪದ್ಧತಿಯನ್ನು ಅವರು ಮೆಚ್ಚಿದ್ದರು. ಆದರೆ ಟೇಲರ್ ಪದ್ಧತಿಯಲ್ಲಿ ಕೆಲಸಗಾರನ ಮನಸ್ಸಿನ ಗುಣಗಳನ್ನು ಅಳೆಯುವ ವಿಧಾನ ಬೆಳೆದಿರಲಿಲ್ಲ. ಆ ಕೊರತೆಯನ್ನು ತುಂಬುವುದೇ ಅವರ ಗುರಿಯಾಗಿತ್ತು.

ಟ್ರಾಮ್ ಚಾಲಕರ ಪರೀಕ್ಷೆ

ಆಗ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮ್‌ಗಳಿಂದ ಅಪಘಾತಗಳು ವಿಪರೀತವಾಗಿದ್ದವು. ವರ್ಷಕ್ಕೆ 50,000ದವರೆಗೆ ಪರಿಹಾರದ ಪ್ರಕರಣಗಳನ್ನು ಎದುರಿಸುವ ಕಂಪನಿಗಳಿದ್ದವೆಂದೂ, ಕೆಲವು ಕಂಪನಿಗಳ ಒಟ್ಟು ಗಳಿಕೆಯಲ್ಲಿ ಶೇ. 13ರಷ್ಟು ಇದಕ್ಕೇ ವ್ಯಯವಾಗುತ್ತಿತ್ತೆಂದೂ ಮ್ಯೂನ್‌ಸ್ಟರ್‌ಬರ್ಗ್ ಬರೆದಿದ್ದಾರೆ. ಕಾರ್ಮಿಕ ಶಾಸನಕ್ಕಾಗಿ ದುಡಿಯುತ್ತಿದ್ದ ಸಂಘವೊಂದು ಈ ವಿಷಯದಲ್ಲಿ ಅವರ ನೆರವು ಕೇಳಿತು.

ಚಾಲಕನ ಕೈ ಎಷ್ಟು ಚುರುಕು ಎಂದಷ್ಟೇ ಅಳೆದರೆ ಸಾಲದೆಂದು ಅವರು ಕಂಡುಕೊಂಡರು. ಪಾದಚಾರಿ, ಕುದುರೆಗಾಡಿ, ಮೋಟಾರು ಇವೆಲ್ಲ ಬೇರೆ ಬೇರೆ ವೇಗದಲ್ಲಿ ಚಲಿಸುವ ಬೀದಿಯಲ್ಲಿ, ಮುಂದಿನ ಕ್ಷಣದಲ್ಲಿ ಹಳಿಯ ಮೇಲೆ ಯಾವುದು ಬಂದೀತೆಂದು ಮೊದಲೇ ಗ್ರಹಿಸುವ ಅವಧಾನವೇ ಚಾಲಕನಿಗೆ ಮುಖ್ಯ. ಇದನ್ನು ಅಳೆಯಲು ಅವರು ಆಟಿಕೆಯ ಟ್ರಾಮ್‌ನಂಥ ಮಾದರಿಗಳನ್ನು ಬಿಟ್ಟು, ಚೌಕಗಳಿರುವ ಉದ್ದನೆಯ ಕಾರ್ಡುಗಳನ್ನು ಸಿದ್ಧಪಡಿಸಿದರು. ಕಾರ್ಡಿನ ನಡುವಿನ ಎರಡು ದಪ್ಪ ಗೆರೆಗಳೇ ಹಳಿ. ಇಕ್ಕೆಲದ ಚೌಕಗಳಲ್ಲಿ 1, 2, 3 ಎಂಬ ಅಂಕಿಗಳು. 1 ಎಂದರೆ ಒಂದು ಹೆಜ್ಜೆ ಚಲಿಸುವ ಪಾದಚಾರಿ, 2 ಎಂದರೆ ಎರಡರಷ್ಟು ವೇಗದ ಕುದುರೆ, 3 ಎಂದರೆ ಮೂರರಷ್ಟು ವೇಗದ ಮೋಟಾರು. ಕಪ್ಪು ಅಂಕಿಗಳು ಹಳಿಗೆ ಸಮಾನಾಂತರವಾಗಿ ಹೋಗುವವು, ಆದ್ದರಿಂದ ಅಪಾಯವಿಲ್ಲ. ಕೆಂಪು ಅಂಕಿಗಳು ಹಳಿಯತ್ತ ಬರುವವು. ಅವುಗಳಲ್ಲಿಯೂ ಹಳಿಯಿಂದ ಎರಡು ಚೌಕ ದೂರದ ಕೆಂಪು 2 ಸರಿಯಾಗಿ ಹಳಿಯ ಮೇಲೆ ಬಂದು ನಿಲ್ಲುತ್ತದೆ. ಅದೇ ದೂರದ 1 ಹಳಿಯನ್ನು ಮುಟ್ಟುವುದಿಲ್ಲ, 3 ದಾಟಿ ಹೋಗಿಬಿಡುತ್ತದೆ. ಪರೀಕ್ಷೆಗೆ ಕುಳಿತವನು ಹಿಡಿಕೆಯನ್ನು ತಿರುಗಿಸಿದಂತೆ ಕಿಂಡಿಯೊಂದರ ಮೂಲಕ ಕಾರ್ಡಿನ ಭಾಗಗಳು ಒಂದರ ಹಿಂದೆ ಒಂದು ಕಾಣಿಸಿಕೊಳ್ಳುತ್ತಿದ್ದವು. ಅಪಾಯದ ಸ್ಥಳಗಳ ಅಕ್ಷರಗಳನ್ನು ಅವನು ಕೂಗಿ ಹೇಳಬೇಕಿತ್ತು. ತೆಗೆದುಕೊಂಡ ಸಮಯ, ಬಿಟ್ಟುಹೋದ ಸ್ಥಳಗಳು ಎರಡನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. ವೇಗವಾಗಿ ಮುಗಿಸಿ ಅಪಾಯವನ್ನು ಕಾಣದೆ ಹೋದವನಿಗೆ ಹೆಚ್ಚು ಅಂಕ ಸಿಗುವಂತಿರಲಿಲ್ಲ.

ಕಂಪನಿಯು ಅವರಿಗೆ ಮೂರು ಬಗೆಯ ಚಾಲಕರನ್ನು ಒದಗಿಸಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಹುಮಟ್ಟಿಗೆ ಅಪಘಾತವಿಲ್ಲದೆ ಗಾಡಿ ನಡೆಸಿದವರು, ಹಲವು ಡಿಕ್ಕಿಗಳ ಬಳಿಕ ಕೆಲಸದಿಂದ ವಜಾ ಆಗುವುದರಿಂದ ಸ್ವಲ್ಪದರಲ್ಲಿ ಪಾರಾದವರು, ಮತ್ತು ಇವೆರಡರ ನಡುವಿನವರು. ಪರೀಕ್ಷೆಯ ಫಲಿತಾಂಶ ಬಹುಪಾಲು ಸೇವಾ ದಾಖಲೆಗೆ ಹೊಂದಿಕೆಯಾಯಿತು. ಕಾರ್ಡಿನ ಮುಂದೆ ಕುಳಿತಾಗ ಗಾಡಿಯಲ್ಲಿ ನಿಂತಾಗಿನ ಅನುಭವವೇ ಆಯಿತೆಂದು ಚಾಲಕರೂ ತಿಳಿಸಿದರು. ಉಪಕರಣದ ಜಾಣ್ಮೆಗಿಂತ ಈ ಹೋಲಿಕೆಯ ಕ್ರಮವೇ ಹೆಚ್ಚು ಮುಖ್ಯವಾದುದು. ಪರೀಕ್ಷೆಯು ನೌಕರನನ್ನು ತೂಗುವ ಮೊದಲು ಅವನ ನಿಜವಾದ ಕೆಲಸವು ಪರೀಕ್ಷೆಯನ್ನು ತೂಗಬೇಕೆಂಬ ಪದ್ಧತಿ ಇಲ್ಲಿ ರೂಪುಗೊಂಡಿತು.

ಟೆಲಿಫೋನ್ ತರಬೇತಿ ಶಾಲೆಯಲ್ಲಿ

ಟೆಲಿಫೋನ್ ಕಂಪನಿಯ ತೊಂದರೆ ಬೇರೆಯಾಗಿತ್ತು. ಆಪರೇಟರುಗಳಾಗಿ ಸೇರುವ ಯುವತಿಯರಿಗೆ ಕಂಪನಿಯೇ ಸಂಬಳ ಕೊಟ್ಟು ಶಾಲೆಯಲ್ಲಿ ತರಬೇತಿ ನೀಡುತ್ತಿತ್ತು. ಗಂಟೆಗೆ 150ರಷ್ಟು ಕರೆಗಳು, ಪ್ರತಿ ಕರೆಗೆ ಸುಮಾರು 14 ಬಗೆಯ ಮಾನಸಿಕ–ದೈಹಿಕ ಕ್ರಿಯೆಗಳು. ಈ ಒತ್ತಡವನ್ನು ತಾಳಲಾರದೆ ಅರ್ಧ ವರ್ಷದೊಳಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಬಿಟ್ಟುಹೋಗುತ್ತಿದ್ದರು. ಕಂಪನಿಗೆ ಹಣ ನಷ್ಟ. ದಣಿದು ಹಿಂದಿರುಗಿದ ಯುವತಿಗೆ ಆರೋಗ್ಯವೂ ಸಮಯವೂ ನಷ್ಟ.

ಮ್ಯೂನ್‌ಸ್ಟರ್‌ಬರ್ಗ್ ಈ ಕೆಲಸವನ್ನು ಇಡಿಯಾಗಿ ಅನುಕರಿಸಲಿಲ್ಲ, ಅದಕ್ಕೆ ಬೇಕಾದ ಗುಣಗಳನ್ನು ಬಿಡಿಸಿ ಒಂದೊಂದನ್ನೂ ಅಳೆದರು. ಅಂಕಿಗಳ ಸಾಲನ್ನು ಕೇಳಿ ಬರೆಯುವುದು, ಪತ್ರಿಕೆಯ ಪುಟವೊಂದರಲ್ಲಿ ನಿರ್ದಿಷ್ಟ ಅಕ್ಷರವನ್ನು ಆರು ನಿಮಿಷ ಹುಡುಕಿ ಹೊಡೆದುಹಾಕುವುದು, ಪದಗಳ ಜೋಡಿಗಳನ್ನು ನೆನಪಿಡುವುದು, ಕಾರ್ಡುಗಳನ್ನು ವಿಂಗಡಿಸುವುದು ಮೊದಲಾದವು ಪರೀಕ್ಷೆಯಲ್ಲಿದ್ದವು. ಸುಮಾರು ಮೂವತ್ತು ಮಂದಿ ತರಬೇತಿಯವರು ಇದಕ್ಕೆ ಕುಳಿತರು. ಕಂಪನಿಗೂ ಪ್ರಾಧ್ಯಾಪಕರ ಮೇಲೆ ಪೂರ್ಣ ನಂಬಿಕೆಯಿರಲಿಲ್ಲ. ಅವರಿಗೆ ತಿಳಿಸದೆ, ಅದಾಗಲೇ ನುರಿತ ಕೆಲವು ಆಪರೇಟರುಗಳನ್ನು ಹೊಸಬರ ನಡುವೆ ಕೂರಿಸಿತ್ತು. ಫಲಿತಾಂಶ ಬಂದಾಗ ಆ ನುರಿತವರೇ ಪಟ್ಟಿಯ ಮೇಲ್ಭಾಗದಲ್ಲಿದ್ದರು. ಮೂರು ತಿಂಗಳ ನಂತರ ನೋಡಿದಾಗ, ಪಟ್ಟಿಯ ಕೊನೆಯಲ್ಲಿದ್ದವರು ಕೆಲಸ ಬಿಟ್ಟಿದ್ದರು ಅಥವಾ ಕೈಬಿಡಲ್ಪಟ್ಟಿದ್ದರು.

ಹಡಗಿನ ಅಧಿಕಾರಿಗಳು ಅಪಾಯದಲ್ಲಿ ಎಷ್ಟು ಬೇಗ, ಎಷ್ಟು ಸರಿಯಾಗಿ ನಿರ್ಧರಿಸುತ್ತಾರೆಂದು ತಿಳಿಯಲು 24 ಕಾರ್ಡುಗಳ ಇನ್ನೊಂದು ಪರೀಕ್ಷೆಯನ್ನೂ ಅವರು ರೂಪಿಸಿದರು.

ಮಿತಿಗಳು

ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದು. ಇವು ಕೇವಲ ಆರಂಭವೆಂದು ಅವರೇ ಹೇಳಿಕೊಂಡಿದ್ದರು. ಯಾರು ಕೆಲಸಕ್ಕೆ ತಕ್ಕವರು ಎಂಬ ಪ್ರಶ್ನೆಗೆ ಉತ್ತರ ಹುಡುಕಿದಷ್ಟು ಶ್ರಮವನ್ನು, ಆ ಕೆಲಸದ ವೇಗವೇ ಮನುಷ್ಯರಿಗೆ ತಕ್ಕುದೇ ಎಂಬ ಪ್ರಶ್ನೆಗೆ ಅವರು ಕೊಡಲಿಲ್ಲ. ಟೆಲಿಫೋನ್ ಶಾಲೆಯಿಂದ ಹೊರಬಿದ್ದ ಯುವತಿಯರ ದೃಷ್ಟಿಯಿಂದ ಇದು ಸಣ್ಣ ಲೋಪವಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದಿದೆ. ವಿದ್ಯಾರ್ಥಿ–ವಿದ್ಯಾರ್ಥಿನಿಯರಿಗೆ ಚುಕ್ಕೆಗಳಿರುವ ಕಾರ್ಡುಗಳನ್ನು ತೋರಿಸಿ, ಯಾವುದರಲ್ಲಿ ಹೆಚ್ಚು ಚುಕ್ಕೆಗಳಿವೆ ಎಂಬುದನ್ನು ಚರ್ಚೆಯ ಮೊದಲೂ ನಂತರವೂ ಕೇಳಿದ ಪ್ರಯೋಗದಿಂದ, ಚರ್ಚೆಯಿಂದ ಮಹಿಳೆಯರ ಅಭಿಪ್ರಾಯ ತಿದ್ದುಪಡಿಯಾಗುವುದಿಲ್ಲ, ಆದ್ದರಿಂದ ಅವರು ಜ್ಯೂರಿಯಲ್ಲಿ ಕೂರಲು ತಕ್ಕವರಲ್ಲ ಎಂದು ಅವರು ತೀರ್ಮಾನಿಸಿದರು. ಚುಕ್ಕೆ ಎಣಿಕೆಗೂ ನ್ಯಾಯ ನಿರ್ಣಯಕ್ಕೂ ಇರುವ ದೂರ ದೊಡ್ಡದು. ಟ್ರಾಮ್ ಚಾಲಕರ ವಿಷಯದಲ್ಲಿ ಪಾಲಿಸಿದ ನಿಯಮವನ್ನು, ಅಂದರೆ ನಿಜವಾದ ಕೆಲಸದ ದಾಖಲೆಯೊಡನೆ ಹೋಲಿಸುವುದನ್ನು, ಇಲ್ಲಿ ಅವರು ಪಾಲಿಸಲಿಲ್ಲ. ಕಾಲ್ಕಿನ್ಸ್ ಪರವಾಗಿ ವಾದಿಸಿದ ಗುರುವೇ ಹೀಗೆ ಬರೆದದ್ದು ಅವರ ಜೀವನದ ವೈರುಧ್ಯಗಳಲ್ಲೊಂದು.

ಯುದ್ಧಕಾಲ ಮತ್ತು ನಿಧನ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವರು ಬಹಿರಂಗವಾಗಿ ಜರ್ಮನಿಯ ಪರ ಬರೆದರು. ಸ್ನೇಹಿತರು ದೂರವಾದರು, ಗೂಢಚಾರನೆಂಬ ಅಪವಾದ ಹರಡಿತು. ಅವರನ್ನು ತೆಗೆದುಹಾಕದಿದ್ದರೆ ತಾನು ನೀಡಲಿದ್ದ ಒಂದು ಕೋಟಿ ಡಾಲರುಗಳ ದತ್ತಿಯನ್ನು ಹಿಂತೆಗೆದುಕೊಳ್ಳುವುದಾಗಿ ಹಳೆಯ ವಿದ್ಯಾರ್ಥಿಯೊಬ್ಬ ಹಾರ್ವರ್ಡ್‌ಗೆ ಬೆದರಿಕೆ ಹಾಕಿದ. ವಿಶ್ವವಿದ್ಯಾಲಯ ಮಣಿಯಲಿಲ್ಲ. ಈ ಕಷ್ಟದ ದಿನಗಳಲ್ಲಿಯೇ ಅವರು ಚಲನಚಿತ್ರವನ್ನು ಮನೋವಿಜ್ಞಾನದ ದೃಷ್ಟಿಯಿಂದ ವಿವೇಚಿಸುವ ಪುಸ್ತಕವನ್ನು ಬರೆದರು. ಅದು 1916ರಲ್ಲಿ ಪ್ರಕಟವಾಯಿತು, ಇಂದಿಗೂ ಚಲನಚಿತ್ರ ಅಧ್ಯಯನದಲ್ಲಿ ಓದಲ್ಪಡುತ್ತಿದೆ. ಅದೇ ವರ್ಷದ ಡಿಸೆಂಬರ್ 16ರಂದು ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಉಪನ್ಯಾಸ ನೀಡುತ್ತಿದ್ದಾಗ ಕುಸಿದು ನಿಧನರಾದರು. ಆಗ ಅವರಿಗೆ 53 ವರ್ಷ. ಮಗಳು ಮಾರ್ಗರೆಟ್ ಬರೆದ ಅವರ ಜೀವನಚರಿತ್ರೆ 1922ರಲ್ಲಿ ಹೊರಬಂದಿತು.

ನಂತರದ ಬೆಳವಣಿಗೆ

ಅವರು ತೀರಿಕೊಂಡ ಮರುವರ್ಷ ಅಮೆರಿಕ ಯುದ್ಧಕ್ಕಿಳಿಯಿತು. ಆಗ ಸುಮಾರು 17 ಲಕ್ಷ ಸೈನಿಕರನ್ನು ಪರೀಕ್ಷಿಸಿದ ಕಾರ್ಯದ ನೇತೃತ್ವ ವಹಿಸಿದವರು, ಹಾರ್ವರ್ಡ್‌ನಲ್ಲಿ ಅವರ ಬಳಿ ಕಲಿತಿದ್ದ ರಾಬರ್ಟ್ ಯರ್ಕ್ಸ್. ಯುದ್ಧ ಮುಗಿದ ಬಳಿಕ ನೌಕರರ ಪರೀಕ್ಷೆ ಅಮೆರಿಕ ಮತ್ತು ಜರ್ಮನಿಯ ಉದ್ದಿಮೆಗಳಲ್ಲಿ ವ್ಯಾಪಕವಾಯಿತು. ಜರ್ಮನಿಯ ವಿರುದ್ಧದ ದ್ವೇಷದ ಕಾರಣ ಅಮೆರಿಕದಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಅವರ ಹೆಸರು ಮಾತ್ರ ಬಹುಕಾಲ ಮರೆಯಾಗಿತ್ತು.

ಭಾರತಕ್ಕೂ ಅವರ ಪ್ರಯೋಗಶಾಲೆಯ ಸಂಬಂಧವಿದೆ. ಅಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ ಅವರು, 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪ್ರಾಯೋಗಿಕ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಅದೇ ಇಂಥ ಮೊದಲ ವಿಭಾಗ.