ಗಾಂಧೀಜಿಯವರ ಕ್ಷೀರತ್ಯಾಗ

ಪೋರಬಂದರಿನಲ್ಲಿ 1869ರಲ್ಲಿ ಜನಿಸಿದ ಮೋಹನದಾಸ ಗಾಂಧಿಯವರು, 1888ರಲ್ಲಿ ವಿದ್ಯಾರ್ಜನೆಗಾಗಿ ಇಂಗ್ಲೆಂಡಿಗೆ ಹೊರಡುವ ಮುನ್ನ ಜೈನಸಾಧು ಬೇಚರ್‌ಜಿ ಸ್ವಾಮಿಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ತ್ಯಜಿಸುವ ಪ್ರತಿಜ್ಞೆ ಕೈಗೊಂಡರು. ಆ ಶೀತದೇಶದಲ್ಲಿ ಮಾಂಸವಿಲ್ಲದೆ ದೇಹ ನಿಲ್ಲದೆಂದು ಕಳವಳಗೊಂಡ ಮಿತ್ರರೊಡನೆ ಅವರು ವಾದಕ್ಕಿಳಿಯಲಿಲ್ಲ; ಪ್ರತಿಜ್ಞೆಯನ್ನು ಮುರಿಯಲಾರೆನೆಂದು ವಿನಯದಿಂದ ತಿಳಿಸಿದರು.

ಹಾಲು ವಿಕಾರಗಳನ್ನು ಕೆರಳಿಸುವುದೆಂಬುದನ್ನು ಅವರು ಮೊದಲು ಅರಿತದ್ದು ಜೈನತತ್ತ್ವಜ್ಞ ಶ್ರೀಮದ್ ರಾಜಚಂದ್ರರಿಂದ. ಹಾಲಿಗಾಗಿ ಗೋವುಗಳಿಗಾಗುತ್ತಿದ್ದ ಹಿಂಸೆಯನ್ನೂ ಓದಿ ತಿಳಿದ ಮೇಲೆ, 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಮಿತ್ರ ಕಾಲೆನ್‌ಬಾಖ್ ಅವರೊಡನೆ ಹಾಲನ್ನು ತ್ಯಜಿಸಿದರು.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸಂಚರಿಸುವಾಗ ಅರೆದ ಕಡಲೆಕಾಯಿ ಬೀಜ ಮತ್ತು ನಿಂಬೆಹಣ್ಣೇ ಅವರ ಮುಖ್ಯ ಆಹಾರವಾಗಿದ್ದಿತು. ಆಮಶಂಕೆ ತಗುಲಿ ದೇಹ ತೀರ ಕೃಶವಾಯಿತು. ಸಹಕಾರ್ಯಕರ್ತರು ಚಿಂತಾಕ್ರಾಂತರಾದರು. ಹಾಲಿಲ್ಲದೆ ಶರೀರ ಮತ್ತೆ ತುಂಬಿಕೊಳ್ಳದೆಂದು ಮುಂಬಯಿಯ ಡಾಕ್ಟರ್ ದಲಾಲ್ ತಿಳಿಸಿದರು. ಗಾಂಧೀಜಿಯವರು ವ್ರತವನ್ನು ಮುಂದಿಟ್ಟಾಗ, ಮೇಕೆಯ ಹಾಲಿಗೆ ಆಕ್ಷೇಪವಿರಲಾರದೆಂದು ಕಸ್ತೂರಬಾ ಸೂಚಿಸಿದರು. ಸತ್ಯಾಗ್ರಹಕ್ಕಾಗಿ ಬದುಕಬೇಕೆಂಬ ಹಂಬಲದಿಂದ ಅವರು ಒಪ್ಪಿದರು.

ವ್ರತ ಕೈಗೊಂಡಾಗ ಅವರ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರ. ಆದರೂ ಪ್ರತಿಜ್ಞೆಯ ಶಬ್ದ ಉಳಿದು ಅದರ ಆತ್ಮಕ್ಕೆ ಭಂಗವಾಯಿತೆಂಬುದನ್ನು ಅವರು ಆತ್ಮಕಥೆಯಲ್ಲಿ ಮರೆಮಾಚದೆ ಬರೆದರು. ಒತ್ತಾಯಿಸಿದವರನ್ನು ದೂಷಿಸಲಿಲ್ಲ. 1948ರಲ್ಲಿ ದೇಹಾಂತವಾಗುವವರೆಗೂ ಮೇಕೆಯ ಹಾಲನ್ನೇ ಸೇವಿಸಿದರು.

ರಸಪರಿತ್ಯಾಗ ಕೈಗೊಳ್ಳುವವರಿಗೆ ಈ ಜೀವನ ಬೋಧಪ್ರದವಾಗಿದೆ. ಶಕ್ತಿಯನ್ನರಿತು, ಮೇರೆಯನ್ನು ಸ್ಪಷ್ಟಪಡಿಸಿಕೊಂಡು ವ್ರತ ಸ್ವೀಕರಿಸಬೇಕು. ಆಪ್ತರ ಕಳವಳ ವ್ರತದ ವೈರಿಯಲ್ಲ. ಅದನ್ನು ಶಾಂತವಾಗಿ ಕೇಳುವುದೂ ಸಂಯಮವೇ ಆಗಿದೆ.