ಬಾವುಟಕ್ಕಾಗಿ ಪಟ್ಟ ಬಿಟ್ಟ ರಾಜಕುಮಾರ

ಸಿಂಹಾಸನಕ್ಕಾಗಿ ಒಡಹುಟ್ಟಿದವರನ್ನೇ ಕೊಲ್ಲಿಸಿದವರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಬಾಗಿಲಿಗೆ ಬಂದ ಸಿಂಹಾಸನವನ್ನು ಬಾವುಟದ ಬಣ್ಣಕ್ಕಾಗಿ ಹಿಂದಕ್ಕೆ ಕಳುಹಿಸಿದವನು ಫ್ರಾನ್ಸಿನ ಹೆನ್ರಿ, ಷಾಂಬೋರಿನ ಕೌಂಟ್.

ಆತನ ತಂದೆ ಬೆರಿಯ ಡ್ಯೂಕ್ 1820ರ ಫೆಬ್ರವರಿಯಲ್ಲಿ ಕೊಲೆಗಾರನ ಚೂರಿಗೆ ಬಲಿಯಾದ. ವಂಶವೇ ಮುಗಿಯಿತೆಂದು ರಾಜಪಕ್ಷದವರು ಕಂಗಾಲಾಗಿದ್ದಾಗ, ಸೆಪ್ಟೆಂಬರ್ 29ರಂದು ಈ ಗಂಡುಮಗು ಹುಟ್ಟಿತು. ಅವರು ಇದನ್ನು ದೇವರ ಪವಾಡವೆಂದೇ ಬಗೆದರು. ಚಂದಾ ಎತ್ತಿ ಷಾಂಬೋರಿನ ಅರಮನೆಯನ್ನು ಕೊಂಡು ಕೂಸಿಗೆ ಕಾಣಿಕೆಯಾಗಿ ಕೊಟ್ಟರು. ಆದರೆ 1830ರ ಜುಲೈ ಕ್ರಾಂತಿಯಲ್ಲಿ ಅಜ್ಜ ಹತ್ತನೆಯ ಚಾರ್ಲ್ಸ್ ಮೊಮ್ಮಗನಿಗಾಗಿ ಪಟ್ಟ ತ್ಯಜಿಸಿದರೂ ದಾಯಾದಿ ಲೂಯಿ ಫಿಲಿಪ್ ರಾಜನಾದ. ಹತ್ತು ತುಂಬದ ಹುಡುಗ ದೇಶ ಬಿಡಬೇಕಾಯಿತು.

ಮುಂದಿನ ನಲವತ್ತು ವರ್ಷ ಪರದೇಶವಾಸ, ಬಹುಪಾಲು ಆಸ್ಟ್ರಿಯಾದಲ್ಲಿ. ಮದುವೆಯಾಯಿತು, ಮಕ್ಕಳಾಗಲಿಲ್ಲ.

1870ರಲ್ಲಿ ಮೂರನೆಯ ನೆಪೋಲಿಯನ್ ಪ್ರಷ್ಯಕ್ಕೆ ಸೋತು ಪದಚ್ಯುತನಾದ. ಮರುವರ್ಷ ಚುನಾಯಿತವಾದ ರಾಷ್ಟ್ರೀಯ ಸಭೆಯಲ್ಲಿ ಅರಸೊತ್ತಿಗೆಯ ಪಕ್ಷಪಾತಿಗಳೇ ಹೆಚ್ಚು. 1873ರ ಆಗಸ್ಟಿನಲ್ಲಿ ಲೂಯಿ ಫಿಲಿಪ್ಪನ ಮೊಮ್ಮಗನೇ ಆಸ್ಟ್ರಿಯಾಕ್ಕೆ ಹೋಗಿ ಹೆನ್ರಿಯನ್ನು ವಂಶದ ಹಿರಿಯನೆಂದು ಒಪ್ಪಿಕೊಂಡ. ಉಳಿದದ್ದು ಬಾವುಟದ ಪ್ರಶ್ನೆಯೊಂದೇ. ನೀಲಿ, ಬಿಳಿ, ಕೆಂಪಿನ ತ್ರಿವರ್ಣ ಧ್ವಜದ ಕೆಳಗೆ ಸಾವಿರಾರು ಸೈನಿಕರು ಪ್ರಾಣ ಕೊಟ್ಟಿದ್ದರು. ಹೆನ್ರಿಗೋ ಅದು ಅಜ್ಜನ ಅಣ್ಣ ಹದಿನಾರನೆಯ ಲೂಯಿಯ ತಲೆ ಕಡಿದ ಕ್ರಾಂತಿಯ ಗುರುತು. ಪೂರ್ವಿಕರ ಬಿಳಿಯ ಬಾವುಟವೇ ಆಗಬೇಕೆಂದು ಅಕ್ಟೋಬರ್ 27ರಂದು ಪತ್ರ ಬರೆದ. ಸಂಧಾನ ಅಲ್ಲಿಗೇ ಮುರಿಯಿತು. ನವೆಂಬರಿನಲ್ಲಿ ಗುಟ್ಟಾಗಿ ವರ್ಸೇಲ್ಸಿಗೆ ಬಂದು ಕಾದ. ಅಧ್ಯಕ್ಷ ಮ್ಯಾಕ್‌ಮಹೋನ್ ಭೇಟಿಗೂ ಒಪ್ಪಲಿಲ್ಲ.

ಶಾಲೆಯ ಮೆಟ್ಟಿಲು ಹತ್ತದ ನನ್ನ ತಂದೆಗೆ ಈ ಕಥೆ ಹೇಳಿದಾಗ, ಉಣ್ಣಲು ಉಡಲು ಇದ್ದವನಿಗೆ ಹಠ ಸಲ್ಲುತ್ತದೆ ಎಂದರು. ಅದೂ ನಿಜವೇ. ಆದರೂ ಆತನನ್ನು ಬರಿಯ ಮೂರ್ಖನೆನ್ನಲು ನನಗೆ ಮನಸ್ಸಿಲ್ಲ. ಅಧಿಕಾರ ಬರುವುದು ದೇವರಿಂದಲೋ ಪ್ರಜೆಗಳಿಂದಲೋ ಎಂಬುದೇ ಅಲ್ಲಿದ್ದ ಪ್ರಶ್ನೆ. ತ್ರಿವರ್ಣವನ್ನು ಒಪ್ಪಿದರೆ ತಾನು ಪ್ರಜೆಗಳು ನೇಮಿಸಿದ ರಾಜನಾಗುವೆನೆಂದು ಆತ ಕಂಡುಕೊಂಡಿದ್ದ. ರಾಜನ ಹೆಸರಿಟ್ಟುಕೊಂಡು ತಾವೇ ಆಳಬಯಸಿದ ಬೆಂಬಲಿಗರಿಗಿಂತ ಆತನೇ ಪ್ರಾಮಾಣಿಕ. ಆದರೆ ದೇಶದ ಮನಸ್ಸು ಮಾತ್ರ ಆತನಿಗೆ ತಿಳಿಯಲಿಲ್ಲ. ಹತ್ತನೆಯ ವಯಸ್ಸಿಗೇ ಅದನ್ನು ಬಿಟ್ಟವನಿಗೆ ತಿಳಿಯುವುದಾದರೂ ಹೇಗೆ?

1875ರ ಜನವರಿಯಲ್ಲಿ 352ಕ್ಕೆ 353, ಒಂದೇ ಮತದ ಅಂತರದಿಂದ, ಸಭೆ ಗಣರಾಜ್ಯವನ್ನು ಅಂಗೀಕರಿಸಿತು. ಹೆನ್ರಿ 1883ರ ಆಗಸ್ಟ್ 24ರಂದು ಆಸ್ಟ್ರಿಯಾದಲ್ಲಿ ತೀರಿಕೊಂಡ. ಆತನ ಸಮಾಧಿ ಇರುವುದು ಫ್ರಾನ್ಸಿನಲ್ಲಲ್ಲ. ಇಂದಿನ ಸ್ಲೊವೇನಿಯಾದ ಸಂನ್ಯಾಸಿಮಠವೊಂದರಲ್ಲಿ, ಪಟ್ಟ ಕಳೆದುಕೊಂಡ ಅಜ್ಜನ ಸಮಾಧಿಯೊಡನೆ.